ಐವತ್ತೆರಡು ಸುತ್ತು

ಹೋದ ವಾರ ಲಿಂಗಸುಗೂರಿನ ನಮ್ಮ ಬಾಡಿಗೆ ಮನೆಯ ನೀರೆತ್ತುವ ಮೋಟಾರು ಸುಟ್ಟುಹೋಗಿ, ರಿಪೇರಿಯಾಗಿ ಬಂತು. ತಂದವರು ಮೆಟ್ಟಿಲ ಕೆಳಗೆ ಇಟ್ಟು ಹೋದರು. ಮನೆಯ ತುಂಬ ಹಸಿ ವಾರ್ನಿಶ್ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ತೆರೆದರೆ ನಾನು ಮಾತ್ರ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಸ್ಕಿಯ ನಮ್ಮ ಓಣಿ, ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ವೈಂಡಿಂಗ್ ಅಂಗಡಿ, ಅದರೊಳಗೆ ಕಾಲು ಮಡಚಿ ಕುಳಿತ ಚಾಚಾ...

ಓಣಿಗೆಲ್ಲ ಅವರು ಚಾಚಾ. ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿಯ ಸುರುಳಿ ಕೂಡಿಸಿ, ಮೇಲೆ ವಾರ್ನಿಶ್ ಹೊಯ್ದು ಒಣಗಿಸುವುದು ಅವರ ಕಸುಬು. ಬಳಗಾನೂರು, ಸಾಲಗುಂದದ ಕಡೆಯ ರೈತರು ಸಿಂಧನೂರಿನ ದೊಡ್ಡ ಅಂಗಡಿಗಳನ್ನು ಬಿಟ್ಟು ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಒಂದೊಂದು ಸುರುಳಿಗೆ ಇಷ್ಟೇ ಸುತ್ತು ಎಂಬ ಲೆಕ್ಕವಿರುತ್ತದೆ. ನಾಲ್ಕು ಸುತ್ತು ಕಡಿಮೆಯಾದರೂ ಮೋಟಾರು ಕಾದು ಮತ್ತೆ ಸುಡುತ್ತದೆ. "ನನ್ನ ಕೈ ನಡುಗಬಹುದು, ಎಣಿಕಿ ನಡುಗಂಗಿಲ್ಲ" ಎಂದು ಚಾಚಾ ಗಡ್ಡ ನೀವಿಕೊಂಡು ಹೇಳುತ್ತಿದ್ದರು. ಅವರ ಅಂಗಡಿ ಆ ಮಾತಿನ ಮೇಲೆಯೇ ನಿಂತಿತ್ತು.

ನಾನು ಆಗಷ್ಟೇ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ, ಹಾಸ್ಟೆಲ್ಲಿನ ಟ್ರಂಕು ಹೊತ್ತು ಮನೆಗೆ ಬಂದಿದ್ದೆ. ಮೊದಲ ವಾರ ಹಬ್ಬದಂತೆ ಕಳೆಯಿತು. ಬೇಕಾದಾಗ ಏಳುವುದು, ಅವ್ವ ಬಡಿದ ಬಿಸಿ ರೊಟ್ಟಿ ತಿನ್ನುವುದು, ಮತ್ತೆ ಮಲಗುವುದು. ಎರಡನೆಯ ವಾರದಿಂದ ಹೊತ್ತು ಹೋಗದಾಯಿತು. ಹದಿನೇಳು ವರ್ಷ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಕುಳಿತವಳು ನಾನು. ಗಂಟೆಯೇ ಇಲ್ಲದ ದಿನವನ್ನು ಏನು ಮಾಡಬೇಕೆಂದು ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡಿಸಿದೆ. ಮರುದಿನ ಕೆಳಗಿಳಿಸಿ ಎತ್ತರದ ಪ್ರಕಾರ ಮತ್ತೆ ಜೋಡಿಸಿದೆ. ಅವ್ವ "ಕೆಲಸಿಲ್ಲದ ಬಡಗಿ..." ಎಂದು ಗಾದೆಯನ್ನು ಅರ್ಧಕ್ಕೇ ಬಿಟ್ಟು ನಗುತ್ತಿದ್ದಳು. ಬಂದ ಬೀಗರು ಬಿಜ್ಜರೆಲ್ಲ "ಮುಂದೇನವ್ವಾ?" ಎನ್ನುತ್ತಿದ್ದರು. ಆ ಪ್ರಶ್ನೆಗೆ ಹೆದರಿ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

ಹಾಗೆ ನಿಂತಿದ್ದಾಗ ಒಂದು ದಿನ ಗೋಡೆಯಾಚೆಯಿಂದ ಚಾಚಾ ಕೂಗಿದರು. ತಂತಿ ಸುತ್ತುವ ಅವರ ಕೈಯಂತ್ರದಲ್ಲಿ ಸುತ್ತಿನ ಲೆಕ್ಕ ತೋರಿಸುವ ಮೀಟರು ಕೆಟ್ಟಿತ್ತು. ಬಾಯಲ್ಲಿ ಎಣಿಸಹೋದರೆ ಗಿರಾಕಿಗಳು ನಡುವೆ ಮಾತಿಗೆಳೆದು ಕೆಡಿಸುತ್ತಿದ್ದರು.

"ಎಂಎಸ್ಸಿ ಮಾಡಿದಾಕಿಗೆ ನೂರರ ತನಕ ಎಣಸಾಕ ಬರ್ತೈತಿಲ್ಲವ್ವಾ?"

"ನೋಡಬೇಕ್ರೀ ಚಾಚಾ, ಮರತೀನೇನೋ" ಎಂದೆ.

ಅವರು ಹಿಡಿಕೆ ತಿರುಗಿಸುವುದು, ನಾನು ಮನಸ್ಸಿನಲ್ಲಿ ಎಣಿಸಿ ಹತ್ತಕ್ಕೊಮ್ಮೆ ಬಾಯಿಬಿಟ್ಟು ಹೇಳುವುದು, ಅಷ್ಟೇ ಕೆಲಸ. ಆದರೆ ಎಣಿಸುವಾಗ ಬೇರೇನನ್ನೂ ಯೋಚಿಸಲು ಬರುವುದಿಲ್ಲ ಎಂಬುದು ನನಗೆ ಅಲ್ಲಿಯೇ ಗೊತ್ತಾದದ್ದು. ಮುಂದೇನು ಎಂದರೆ, ಮೂವತ್ತೇಳರ ಮುಂದೆ ಮೂವತ್ತೆಂಟು! ಇಷ್ಟು ಸಲೀಸಾದ ಉತ್ತರ ಆ ಬೇಸಿಗೆಯಲ್ಲಿ ನನಗೆ ಇನ್ನೆಲ್ಲೂ ಸಿಕ್ಕಿರಲಿಲ್ಲ. ದಿನಾ ಹತ್ತಕ್ಕೆ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದೆ. ಸುರುಳಿ ಜಾರದಂತೆ ಸಿಕ್ಕಿಸುವ ಬಿದಿರಿನ ಕಡ್ಡಿ ಸೀಳುವುದನ್ನು, ಸುರುಳಿಗೆ ನೂಲು ಬಿಗಿಯುವುದನ್ನು ಕಲಿತೆ. ಮೋಟಾರು ಬಾರದ ದಿನ ಇಬ್ಬರೂ ಚಾಚಿ ಕೊಟ್ಟ ಚಹಾ ಕುಡಿಯುತ್ತ ರಸ್ತೆ ನೋಡುತ್ತಿದ್ದೆವು. "ಖಾಲಿ ಕುಂದ್ರೋದೂ ಕಲೀಬೇಕವ್ವಾ. ಗಡಿಬಿಡಿ ಮಾಡಿದ್ರ ಅದೂ ಬರಂಗಿಲ್ಲ" ಎನ್ನುತ್ತಿದ್ದರು. ನಾನು ನಿಜಕ್ಕೂ ಸುಖವಾಗಿದ್ದೆ.

ಆ ವರ್ಷ ಕಾಲುವೆಗೆ ನೀರು ಬಿಡುವುದು ತಡವಾಯಿತು. ಬಳಗಾನೂರಿನ ರೈತರೊಬ್ಬರು ಹಳ್ಳದ ನೀರೆತ್ತಿ ನೆಲ್ಲಿನ ಸಸಿ ಉಳಿಸಿಕೊಂಡಿದ್ದರು. ಅಷ್ಟರಲ್ಲಿ ಅವರ ಮೋಟಾರು ಸುಟ್ಟಿತು. ಸಂಜೆಯೊಳಗೆ ಬೇಕೇ ಬೇಕು ಎಂದು ಹೇಳಿ, ಮೋಟಾರು ಇಟ್ಟು ಬಜಾರಿನ ಕಡೆ ಹೋದರು. ಸುರುಳಿಗೆ ಐವತ್ತೆರಡು ಸುತ್ತು. ಕೊನೆಯ ಸುರುಳಿಯ ಹೊತ್ತಿಗೆ, ಮೂವತ್ತರ ಆಸುಪಾಸಿನಲ್ಲಿ, ಮಡಿಲಲ್ಲಿದ್ದ ನನ್ನ ಫೋನು ಬೆಳಗಿತು. ಜೊತೆಗೆ ಓದಿದವಳೊಬ್ಬಳಿಗೆ ರಾಯಚೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು, ಗೆಳತಿಯರೆಲ್ಲ ಹೂವಿನ ಚಿತ್ರ ಕಳಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ನನ್ನ ನೋಟ್ಸ್ ಓದಿ ಪಾಸಾದವಳು ಅವಳು! ತಲೆ ಎತ್ತಿದರೆ ಹಿಡಿಕೆ ತಿರುಗುತ್ತಲೇ ಇತ್ತು, ಅಂಕಿ ಎಲ್ಲಿಯೋ ಹೋಗಿತ್ತು. ಅಂದಾಜಿನ ಮೇಲೆ ಮುಂದುವರಿಸಿ "ಐವತ್ತೆರಡು" ಎಂದೆ. ಚಾಚಾ ತಂತಿ ಕತ್ತರಿಸಿದರು. ನನ್ನ ಮುಖ ಕೂಡ ನೋಡಲಿಲ್ಲ, ಅಷ್ಟು ನಂಬಿಕೆ.

ಮನೆಗೆ ಬಂದು ಊಟಕ್ಕೆ ಕುಳಿತವಳು ಅರ್ಧ ರೊಟ್ಟಿಗೇ ಎದ್ದೆ. ಸುತ್ತು ಕಡಿಮೆಯಾದರೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರಸಹಿತ ಬರೆದು ಅಂಕ ತೆಗೆದವಳು ನಾನು. ಕೈ ತೊಳೆದು ಓಡಿದೆ. ಚಾಚಾ ವಾರ್ನಿಶ್ ಡಬ್ಬಿ ಬಗ್ಗಿಸುವುದರಲ್ಲಿದ್ದರು. ಒಮ್ಮೆ ಹೊಯ್ದರೆ ತಂತಿಯೆಲ್ಲ ಅಂಟಿ ಗಟ್ಟಿಯಾಗುತ್ತದೆ, ಆಮೇಲೆ ಬಿಚ್ಚಲು ಬರುವುದಿಲ್ಲ.

"ಚಾಚಾ, ಹೊಯ್ಯಬ್ಯಾಡ್ರಿ. ಎಣಿಕಿ..." ಎಂದವಳು, ಆಗಲೇ ತಿರುಗಿ ಬಂದು ಬೆಂಚಿನ ಮೇಲೆ ಕುಳಿತಿದ್ದ ರೈತರನ್ನು ಕಂಡು ಅಲ್ಲಿಗೇ ನಿಲ್ಲಿಸಿದೆ.

ಚಾಚಾ ನನ್ನನ್ನು ಒಂದು ಗಳಿಗೆ ನೋಡಿದರು. ಡಬ್ಬಿ ಕೆಳಗಿಟ್ಟು ರೈತರ ಕಡೆ ತಿರುಗಿದರು.

"ನನ್ನ ಎಣಿಕಿ ತಪ್ಪೈತಪ್ಪಾ. ನಾಳೆ ಮುಂಜಾನೆ ಬಾ."

"ನೀ ತಪ್ಪಿದೇನು ಚಾಚಾ? ನಿನ್ನ ನಂಬಿ ಸಿಂಧನೂರು ಬಿಟ್ಟು ಬಂದೀನಲ್ಲ! ಅಲ್ಲಿ ಸಸಿ ಒಣಗಾಕತ್ತಾವು!"

ರೈತರು ಬಯ್ದರು, ಚಾಚಾ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಬಾಯಿ ತೆರೆದಾಗ ಕಣ್ಣಲ್ಲೇ ಬೇಡವೆಂದರು. ನನಗೂ ಅದೇ ಬೇಕಾಗಿತ್ತು, ಸುಮ್ಮನಾದೆ. ರೈತರು ಹೋದ ಮೇಲೆ ಆ ಸುರುಳಿ ಬಿಚ್ಚಿ ಎಣಿಸಿದರೆ ನಲವತ್ತಾರೇ ಇತ್ತು. ಚಾಚಾ ನನ್ನ ಫೋನು ತೆಗೆದುಕೊಂಡು ಬಿದಿರುಕಡ್ಡಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. "ಒಂದರಿಂದ ಎಣಸವ್ವಾ" ಎಂದರು. ಮರುದಿನ ರೈತರು ಮೋಟಾರು ಒಯ್ದರು. ಸಸಿಮಡಿಯ ಒಂದು ಮೂಲೆ ಒಣಗಿತಂತೆ, ಉಳಿದದ್ದು ಬದುಕಿತು.

ಮುಂದೆ ನನಗೂ ಲಿಂಗಸುಗೂರಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗುವಾಯಿತು. ಮಸ್ಕಿಗೆ ಹೋದಾಗಲೆಲ್ಲ ಅಂಗಡಿಯಲ್ಲಿ ಕುಳಿತು ಚಹಾ ಕುಡಿದೇ ಬರುತ್ತಿದ್ದೆ. ಆ ದಿನದ ಮಾತನ್ನು ಚಾಚಾ ಎತ್ತಲಿಲ್ಲ, ನಾನೂ ಎತ್ತಲಿಲ್ಲ...

ಹೋದ ವರ್ಷ ಚಾಚಾ ತೀರಿಕೊಂಡರು. ಚಾಚಿಯನ್ನು ಮಾತಾಡಿಸಿ ಹೊರಬಂದರೆ, ಬಾಗಿಲು ಹಾಕಿದ ಅಂಗಡಿಯ ಮುಂದೆ ಬಳಗಾನೂರಿನ ಅದೇ ರೈತರು ನಿಂತಿದ್ದರು. ತಲೆ ಬೆಳ್ಳಗಾಗಿತ್ತು.

"ಇಷ್ಟು ವರ್ಷದಾಗ ಒಂದ ಸಲ ತಪ್ಪಿದ್ದ ನೋಡವ್ವಾ" ಎಂದರು. "ನಾ ಮಾತ್ರ ಬಿಡಲಿಲ್ಲ. ಬಂದಾಗೊಮ್ಮೆ ನಾಲ್ಕು ಮಂದಿ ಮುಂದ 'ಚಾಚಾ, ಈ ಸಲ ಬೆರಳು ಹಿಡಿದು ಎಣಸು' ಅಂತ ಕಾಡತಿದ್ದೆ. ನಕ್ಕೋಂತ ಕುಂದರತಿದ್ದ."

"ಅವರು ತಪ್ಪಿದ್ದಲ್ರೀ ಅದು. ಎಣಸಾಕಿ ನಾನಿದ್ದೆ. ತಪ್ಪಿದಾಕಿ ನಾನು."

ರೈತರು ಮುಚ್ಚಿದ ಬಾಗಿಲ ಕಡೆ ತಿರುಗಿದರು. ಆಮೇಲೆ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. "ಎಂಟು ವರ್ಷ ಕಾಡೀನವ್ವಾ. ಒಂದ ದಿನಾನೂ ಹೇಳಲಿಲ್ಲಲ್ಲ..."

ನಾನಾದರೋ ಆ ತಪ್ಪು ಆ ಸಂಜೆಗೇ ಮುಗಿಯಿತೆಂದು ತಿಳಿದು ಆರಾಮಾಗಿದ್ದೆ. ಈಗ ರಜೆಯ ದಿನ ಏನೂ ಮಾಡದೆ ಕುಳಿತುಕೊಳ್ಳಲು ನನಗೆ ಚೆನ್ನಾಗಿ ಬರುತ್ತದೆ. ಸುಖವಾಗಿಯೇ ಕೂರುತ್ತೇನೆ, ಯಾರು ಏನು ಕೇಳಿದರೂ ಹೆದರುವುದಿಲ್ಲ. ಅದನ್ನು ಕಲಿಸಿದವರ ಅಂಗಡಿಯಲ್ಲಿ, ನಾಲ್ಕು ಜನರ ಮುಂದೆ, "ತಪ್ಪು ನಂದು" ಎಂಬ ಎರಡು ಮಾತು ಹೇಳಲು ಮಾತ್ರ ಎಂಟು ವರ್ಷದಲ್ಲಿ ನನಗೆ ಬಿಡುವಾಗಲಿಲ್ಲ.