ಮಾವನ ಷೇರು, ಮಂಜುನಾಥನ ನೌಕರಿ

ಬೆಳಿಗ್ಗೆ ಹೊಸೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತಿದ್ದಾಗ ಮೊಬೈಲು ಕಿಣಿಕಿಣಿ ಎಂದಿತು. ಇಲ್ಲಿನದೇ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯ ಬಗ್ಗೆ ಯಾರೋ ಷೇರುಪೇಟೆ ಪಂಡಿತರು ಬರೆದಿದ್ದರು: ಹೊರದೇಶಗಳಲ್ಲಿ ಬೇಡಿಕೆ ಕುಗ್ಗಿದೆ, ಆದರೂ ಷೇರಿಗೆ ಒಳ್ಳೆಯ ಭವಿಷ್ಯವಿದೆ. ಈ 'ಆದರೂ' ಕಂಡರೆ ನನಗೆ ಬೇರಿಕೆ ಊರಿನ ಸೋದರಮಾವ ಮುನಿಯಪ್ಪನವರು ನೆನಪಾಗುತ್ತಾರೆ.

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾವ ಷೇರು ಪಂಡಿತರಾದರು. ಕೈಗೆ ಬಂದ ಗಂಟನ್ನೆಲ್ಲ ಇದೇ ಕಂಪನಿಗೆ ಹಾಕಿದ್ದರು. ಜರ್ಮನಿಯವರು ಕೊಳ್ಳುತ್ತಿಲ್ಲ ಎಂಬ ಸುದ್ದಿ ಬಂದು ಷೇರು ಜಾರತೊಡಗಿದಾಗ, "ಮಾರ್ಬುಡಿ ಮಾವ," ಎಂದೆ.

"ಬೇಡಿಕೆ ಬಿದ್ರೇನ್ಲಾ? ಒಳ್ಳೆ ಕಂಪ್ನಿ ಕಣ್ಲಾ. ಲಾಂಗ್ ಟರ್ಮು!"

ಅವರ ದನಿ ಕೇಳಿದರೆ ಜರ್ಮನಿ ಇಲ್ಲೇ ಹೊಸೂರು ಪಕ್ಕದ ಸಾನಮಾವು ಕಾಡಿನ ಆಚೆಗೇ ಇದೆಯೇನೋ ಎನಿಸುತ್ತಿತ್ತು. ನಾನು ತಲೆಯಾಡಿಸಿದೆ. ಏನೂ ತಿಳಿಯದವರ ತಲೆ ಸಲೀಸಾಗಿ ಆಡುತ್ತದೆ, ನೀವೂ ನೋಡಿರಬಹುದು.

ಅಷ್ಟರಲ್ಲಿ ಅವರ ಮಗಳು ಕವಿತಾಳಿಗೆ ಸಂಬಂಧ ಬಂತು. ಹುಡುಗ ಮಂಜುನಾಥ, ಅದೇ ಕಂಪನಿಯಲ್ಲಿ ಇಂಜಿನಿಯರು. ಹೆಣ್ಣು ನೋಡಲು ಬಂದವನನ್ನು ಮಾವ ನಕ್ಷತ್ರ ಕೇಳಲಿಲ್ಲ, ರಫ್ತಿನ ಆರ್ಡರು ಕೇಳಿದರು.

ಅವನು ಕೇಸರಿಬಾತಿನ ತಟ್ಟೆ ಕೆಳಗಿಟ್ಟ. "ಕಮ್ಮಿ ಆಗೈತೆ ಸಾರ್. ನೈಟ್ ಶಿಫ್ಟು ನಿಲ್ಲಿಸ್ಬುಟ್ರು. ನನ್ ಕೆಲ್ಸಾನೂ ಎಷ್ಟು ದಿನಾನೋ ಗೊತ್ತಿಲ್ಲ. ಮುಚ್ಚಿಟ್ಟು ಮದ್ವೆ ಆಗ್ಬಾರ್ದು ಅಂತ ಹೇಳ್ತಿವ್ನಿ."

ಪಕ್ಕದಲ್ಲಿದ್ದ ಅವನ ತಾಯಿ ಅವನ ತೊಡೆ ಚಿವುಟಿದ್ದು ನನಗೆ ಕಾಣಿಸಿತು.

ಅವರು ಹೊರಟಿದ್ದೇ ಮಾವ ತೀರ್ಪು ಕೊಟ್ಟರು: "ಬ್ಯಾಡ. ಆ ಕಂಪ್ನಿ ನಂಬ್ಕೊಂಡು ಮಗ್ಳನ್ನ ಕೊಡಾಕಾಯ್ತದಾ?"

ಲೋಟ ಎತ್ತುತ್ತಿದ್ದ ಅತ್ತೆ ನಿಂತರು. "ದುಡ್ಡೆಲ್ಲಾ ಅದಕ್ಕೇ ಹಾಕಿದ್ದೀರಲ್ಲಾ?"

"ಅದು ಬೇರೆ ಕಣೆ. ಅದು ಲಾಂಗ್ ಟರ್ಮು."

"ಮದ್ವೆ ಏನಪ್ಪಾ, ಶಾರ್ಟ್ ಟರ್ಮಾ?" ಒಳಗಿಂದ ಕವಿತಾ ಕೇಳಿದಳು. "ಬಾಯ್ಬಿಟ್ಟು ನಿಜ ಹೇಳೋನು ಸಿಕ್ಕವ್ನೆ. ನಾನು ಅವ್ರನ್ನೇ ಆಗೋದು."

ಮದುವೆಯಾಯಿತು. ಮುಂದಿನ ಬೇಸಿಗೆಯಲ್ಲಿ ಮಂಜುನಾಥನ ಕೆಲಸ ಹೋಯಿತು. "ನಾನ್ ಹೇಳ್ನಿಲ್ವಾ!" ಎಂದು ಮಾವ ಬೀಗಿದರು. ಅದೇ ವಾರ ನೆಲಕಚ್ಚಿದ ಷೇರಿನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಅಳಿಯ ಅಲೆದಾಡಿ ಬೇರೆ ಕಾರ್ಖಾನೆ ಸೇರಿದ. ಆ ಅಲೆದಾಟದ ದಿನಗಳಲ್ಲಿ ಕವಿತಾ ಟ್ಯೂಷನ್ ಹೇಳಿ ಸಂಸಾರ ತೂಗಿಸಿದಳು. ಈಗ ನೆಮ್ಮದಿಯಾಗಿದ್ದಾರೆ. ಷೇರು ಇನ್ನೂ ಎದ್ದಿಲ್ಲ. ಮಾವ ಅದನ್ನು ಬಿಟ್ಟೂ ಇಲ್ಲ.

ಇವತ್ತು ನಾನು ಪಂಡಿತರ ವರದಿಯನ್ನು ಅರ್ಧಕ್ಕೇ ಬಿಟ್ಟು ಮಂಜುನಾಥನಿಗೆ ಫೋನು ಮಾಡಿದೆ. "ಹೆಂಗೈತಪ್ಪಾ ನಿನ್ ಹಳೇ ಕಂಪ್ನಿ?"

"ವಾಪಸ್ ಬಾ ಅಂತ ಕರ್ದವ್ರೆ ಅಣ್ಣ. ಆರ್ಡರು ಬರಾಕೆ ಶುರುವಾಗೈತಂತೆ. ನಾನು ಹೋಗಾಕಿಲ್ಲ." ದನಿ ತಗ್ಗಿಸಿದ. "ಮಾವಂಗೆ ಮಾತ್ರ ಹೇಳ್ಬ್ಯಾಡಿ. ಮನೆ ಮಾರಿ ಇನ್ನಷ್ಟು ಕೊಂಡ್ಕೋಬುಡ್ತಾರೆ."

ಷೇರಿನ ವಿಷಯದಲ್ಲಿ ನನಗೆ ನಿಜವಾಗಿ ಏನಾದರೂ ತಿಳಿದದ್ದು ಇದೇ ಮೊದಲು. ನಿಮಗಷ್ಟೇ ಹೇಳಿದ್ದೇನೆ. ಬೇರಿಕೆ ಕಡೆ ಹೋದರೆ ದಯವಿಟ್ಟು ಬಾಯಿ ಬಿಡಬೇಡಿ.