ಅಣ್ಣ ಕುಡಿಯಲು ಶುರುಮಾಡಿದ್ದು

ನಮ್ಮ ಮನೆಯಲ್ಲಿ ಯಾರೂ ಕುಡಿದವರಲ್ಲ. ಹಾಗಾಗಿ ಒಂದು ಸಂಜೆ ಅಣ್ಣ ತಡವರಿಸುತ್ತ ಒಳಗೆ ಬಂದಾಗ ಅವ್ವ ಜ್ವರವಿರಬೇಕೆಂದು ಹಣೆ ಮುಟ್ಟಿ ನೋಡಿದಳು. ವಾಸನೆ ಬಡಿದ ಮೇಲೆ ಕೈ ಹಿಂದಕ್ಕೆಳೆದುಕೊಂಡಳು.

ಅಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಅಜ್ಜಂಪುರದ ಆಚೀಚೆ ಹಳಿ ನೋಡಿಕೊಳ್ಳುವ ಕೆಲಸ. ಮೈನೋವಿಗೆ ಕುಡಿಯುತ್ತಾನೆ ಎಂದರು ಕೆಲವರು, ಜೊತೆಯವರು ಕೆಡಿಸಿದರು ಎಂದರು ಉಳಿದವರು. ಅತ್ತಿಗೆ ಮಾತ್ರ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಸೊರಗಿದಳು. ಜಗಳವಾಡಿದಳು, ದೇವನೂರಿನ ತವರಿಗೆ ಹೋಗಿ ಕೂತಳು, ಮತ್ತೆ ತಾನಾಗಿಯೇ ಬಂದಳು. ಅಣ್ಣ ಯಾವುದಕ್ಕೂ ಎದುರಾಡುತ್ತಿರಲಿಲ್ಲ. ಕುಡಿದು ಬಂದ ದಿನ ಮಗಳು ಓಡಿಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಡುತ್ತಿದ್ದ.

ಕೊನೆಗೆ ತಂಗಿ ನಾನೂ ಅತ್ತಿಗೆಯೂ ಅವನನ್ನು ಕಡೂರಿಗೆ, ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಯಾವಾಗ ಶುರುವಾಯಿತು ಎಂದು ಅವರು ಕೇಳಿದರು. ಅಣ್ಣ ನೆಲ ನೋಡುತ್ತ ಹೇಳಿದ:

"ಹಳಿ ಮೇಲೆ ಯಾರಾದ್ರೂ ಸತ್ರೆ ನಾವೇ ಎತ್ಬೇಕು ಸಾರ್. ಮೊದಲ್ನೇ ಸಲ ಒಬ್ಳು ಹೆಂಗಸು. ಹತ್ರ ಹೋದೆ, ಮುಟ್ಟೋಕಾಗ್ಲಿಲ್ಲ. ಮೇಸ್ತ್ರಿ ಲೋಟ ಕೊಟ್ಟು, ಕುಡಿಯೋ, ಇಲ್ದಿದ್ರೆ ಆಗಲ್ಲ ಅಂದ್ರು. ಕುಡ್ದೆ. ಆಮೇಲೆ ಎತ್ತೋಕಾಯ್ತು."

ವಾಪಸ್ ಬರುವ ಬಸ್ಸಿನಲ್ಲಿ ಅತ್ತಿಗೆ ಮೆಲ್ಲಗೆ ಕೇಳಿದಳು, "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಈ ಕೈಲಿ ಮಗೂನ ಮುಟ್ಟೋಕೆ ಬಿಡ್ತಿದ್ಯಾ?"

ಅತ್ತಿಗೆ ಅವನ ಕೈ ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು.

ಕೆಲವು ತಿಂಗಳು ಮಾತ್ರೆ ನುಂಗಿದ. ಮುಖಕ್ಕೆ ಕಳೆ ಬಂತು. ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳಿಕೊಂಡ, ಜಾಗ ಖಾಲಿಯಿರಲಿಲ್ಲ. ಮಳೆ ಹಿಡಿದ ಹೊತ್ತಿಗೆ ಹಳಿ ಮೇಲೆ ಮತ್ತೊಂದು ಹೆಣ. ಆ ಸಂಜೆ ಕುಡಿದು ಬಂದವನಿಗೆ ಅತ್ತಿಗೆ ಸ್ನಾನಕ್ಕೆ ನೀರು ಕಾಯಿಸಿದಳು. ನಾವ್ಯಾರೂ ಬೈಯಲಿಲ್ಲ. ಕಾರಣ ಗೊತ್ತಾದ ಮೇಲೆ ಬೈಯುವುದು ಹೇಗೆಂದು ನಮಗೆ ತಿಳಿಯದೆ ಹೋಯಿತು. ಕಾರಣ ಗೊತ್ತಿದ್ದರೂ ಕುಡಿತ ನಿಲ್ಲಲಿಲ್ಲ.

ಬರಬರುತ್ತ ಹೊಟ್ಟೆ ಊದಿಕೊಂಡಿತು, ಕಣ್ಣು ಹಳದಿಯಾಯಿತು. ತರೀಕೆರೆಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ತೀರಿಕೊಂಡ. ಅವ್ವ ಹೊರಗೆ ಬೆಂಚಿನ ಮೇಲೆ ಎಳನೀರು ಹಿಡಿದು ಕೂತಿದ್ದಳು.

ಅವನ ಬದಲಿಗೆ ಅತ್ತಿಗೆಗೆ ಕೆಲಸ ಕೊಡುತ್ತೇವೆಂದರು ರೈಲ್ವೆಯವರು. "ಹಳಿ ಮೇಲೆ ಮಾತ್ರ ಕಳಿಸ್ಬೇಡಿ" ಎಂದಳು. ಈಗ ಆಫೀಸಿನಲ್ಲಿ ಫೈಲು ಕೊಂಡೊಯ್ಯುತ್ತಾಳೆ. ಸಂಜೆ ಗ್ಯಾಂಗಿನವರು ಹೆಂಡದಂಗಡಿ ಕಡೆ ಹೊರಟರೆ ಅವಳೆದುರು ತಲೆ ತಗ್ಗಿಸಿಕೊಂಡು ಹೋಗುತ್ತಾರಂತೆ.

"ಹೋಗ್ಬೇಡ್ರಪ್ಪಾ ಅನ್ನೋಣ ಅನ್ಸುತ್ತೆ," ಎಂದಳು ಮೊನ್ನೆ. "ಇವತ್ತು ಯಾರನ್ನ ಎತ್ತಿ ಬಂದಿದಾರೋ ಅಂತ ಬಾಯೇ ಬರಲ್ಲ ಕಣೇ."