ವಲ್ಲಿ ಮುಚ್ಚಿದ ಮುಖ

ಆರೋಪಿಗಳು ಹೇಳುವ ಕಾರಣಗಳನ್ನು ನಾನು ಎಂದೂ ನಂಬಿದವನಲ್ಲ. ಕಣ್ಣಿಗೆ ಕತ್ತಲೆ ಬಂತು, ಕೈ ತಾನೇ ಎದ್ದಿತು ಎನ್ನುವವರನ್ನು ಕಂಡರೆ ಮೈಯುರಿಯುತ್ತಿತ್ತು. ಅಂಥ ನನಗೇ ಆದದ್ದನ್ನು ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ನಿಜಾಮರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ನಾನು ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತ. ಆರೋಪಿ ಕನ್ನಡದಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಬರೆದು, ಅವನಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸುವುದು ನನ್ನ ಕೆಲಸ. ಮುನ್ಸೀಫ್ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಕೊನೆಗೆ, ಇವನ ಮಾತು ಹೇಗೆ ಕಂಡಿತು ಎಂದು ನನ್ನನ್ನು ಕೇಳಿ, ಕೆಳಗೆ ಒಂದು ಸಾಲು ಬರೆಸುತ್ತಿದ್ದರು. ಆ ಒಂದು ಸಾಲಿನ ಬಗ್ಗೆ ನನಗೆ ಭಾರಿ ಜಂಬ.

ಒಂದು ದಿನ ಶರಣಪ್ಪ ಎಂಬುವನನ್ನು ತಂದರು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವವನು. ತಾಯಿ ಸತ್ತ ದಿನ, ಹೆಣದ ಮುಂದೆಯೇ, ಒಡಹುಟ್ಟಿದ ತಮ್ಮನನ್ನು ಸುತ್ತಿಗೆಯಿಂದ ಹೊಡೆದು ಕೊಂದಿದ್ದ.

“ಅವ್ವನ ಹೆಣದ ಮುಂದ ನಕ್ಕನ್ರಿ ಅಂವ. ಹೆಗಲ ಮ್ಯಾಲಿನ ವಲ್ಲಿ ಮಾರಿಗೆ ಹಿಡಕೊಂಡು, ಮೈ ಕುಣಿಸಿ ನಕ್ಕ,” ಎಂದ.

“ಅಳಾಕತ್ತಿದ್ದನಲೋ ಮೂಳಾ! ಊರೆಲ್ಲಾ ಹೇಳ್ಯದ,” ಎಂದೆ ನಾನು.

“ಮಾರಿ ನೋಡಿದ್ರ ನನಗ ತಿಳ್ಯಾಂಗಿಲ್ರಿ. ಈಗ ನೀವು ಸಿಟ್ಟಾಗೀರೋ, ನಗಾಕತ್ತೀರೋ, ಅದೂ ಗೊತ್ತಾಗವಲ್ದು,” ಎಂದು ನನ್ನನ್ನೇ ದಿಟ್ಟಿಸಿದ.

ಎಂಥಾ ನಾಟಕ! ಗಲ್ಲು ತಪ್ಪಿಸಿಕೊಳ್ಳಲು ಯಾರೋ ವಕೀಲ ಹೇಳಿಕೊಟ್ಟಿರಬೇಕು. ಸಾಹೇಬರು ಕೇಳಿದಾಗ, ಪೂರಾ ನಾಟಕ ಎಂದೇ ಹೇಳಿದೆ, ಬರೆದೆ. ಆ ಕಾಗದ ಮರುದಿನ ಗುಲ್ಬರ್ಗದ ದೊಡ್ಡ ಕೋರ್ಟಿಗೆ ಹೋಗಬೇಕಿತ್ತು.

ಸಂಜೆ ಇನ್ನೂ ಬೆಳಕಿರುವಾಗಲೇ ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೆಗಲು ಅಲುಗುತ್ತಿತ್ತು. ಹನ್ನೆರಡು ವರ್ಷ ಕಂಡ ಮುಖ. ಕಣ್ಣು, ಮೂಗು, ಹಣೆ ಎಲ್ಲ ಕಾಣುತ್ತಿದ್ದವು, ಆದರೆ ಅವುಗಳಲ್ಲಿ ಏನಿದೆ ಎಂಬುದೇ ತಿಳಿಯಲಿಲ್ಲ. ನಗುತ್ತಿದ್ದಾಳೆ, ನನ್ನನ್ನು ನೋಡಿಯೇ ನಗುತ್ತಿದ್ದಾಳೆ ಎಂಬ ಗುಮಾನಿ ತಲೆಗೇರಿತು. ಯಾರ ಜೊತೆ ಮಾತಾಡಿ ಬಂದಳು? ಏನು ಮುಚ್ಚಿಡುತ್ತಿದ್ದಾಳೆ?

“ಯಾಕ್ರಿ, ಹಂಗ್ಯಾಕ ನೋಡಾಕತ್ತೀರಿ? ಅದನ್ನ ಕೆಳಗ ಇಡ್ರಿ! ನಮ್ಮಪ್ಪ ತೀರಕೊಂಡ್ನಂತ್ರಿ…”

ನೋಡಿಕೊಂಡರೆ ಬಾಗಿಲ ಬದಿಗೆ ಒರಗಿಸಿಟ್ಟಿದ್ದ ಒನಕೆ ನನ್ನ ಕೈಯಲ್ಲಿ. ಎತ್ತಿಕೊಂಡದ್ದು ನೆನಪೇ ಇಲ್ಲ. ಅದನ್ನು ಕೆಳಗೆ ಬಿಟ್ಟ ಮೇಲೆ ಅವಳ ಮುಖ ಮತ್ತೆ ತಿಳಿಯಿತು. ಅಳುತ್ತಿದ್ದಳು. ನನ್ನನ್ನು ಕಂಡು ಹೆದರಿಯೂ ಇದ್ದಳು.

ಮರುದಿನ ಆ ಕಾಗದ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಆ ಸಾಲು ಹೊಡೆದುಹಾಕೋಣ ಎಂದು ಸಾಹೇಬರಿಗೆ ಒಂದು ಮಾತು ಹೇಳಬಹುದಿತ್ತು. ಆದರೆ ಯಾಕೆ ಎಂದು ಅವರು ಕೇಳಿದರೆ ಒನಕೆಯ ಸಂಗತಿ ಬಾಯಿಬಿಡಬೇಕಾಗುತ್ತಿತ್ತು. ಥೂ ನನ್ನ ಜನ್ಮಕ್ಕೆ! ಕಾಗದ ಕಟ್ಟಿ ಕಳಿಸಿಬಿಟ್ಟೆ. ಶರಣಪ್ಪನಿಗೆ ಗಲ್ಲಾಯಿತು.

ಅಂಥದ್ದು ಮತ್ತೆಂದೂ ಆಗಲಿಲ್ಲ. ಅವನ ನೋಟ ನನಗೆ ಏನಾದರೂ ಮಾಡಿತೋ, ಅದು ಮೊದಲಿನಿಂದ ನನ್ನಲ್ಲೇ ಇತ್ತೋ, ಇಂದಿಗೂ ತಿಳಿಯದು. ಹೆಂಡತಿ ಸೆರಗನ್ನು ಬಾಯಿಗೊಯ್ದರೆ ಈಗಲೂ ಎರಡೂ ಕೈ ಕಟ್ಟಿಕೊಂಡು, ಅವಳೇ ಮಾತಾಡಲಿ ಎಂದು ಕಾಯುತ್ತೇನೆ.